ಅರ್ಧಕ್ಕೆ ಇಳಿಸಿದ ನೀರು

ನನ್ನ ಅಡುಗೆಮನೆಯ ಅಟ್ಟದ ಮೇಲೆ ಒಂದು ಪಾತ್ರೆ ಇದೆ. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ. ಅದರ ಒಳಗೆ ಸರಿಯಾಗಿ ಅರ್ಧ ಮಟ್ಟಕ್ಕೆ ಮೊಳೆಯಲ್ಲಿ ಗೀರಿದ ಒಂದು ಗೆರೆ. ಗೀರಿದವಳು ನಾನೇ. ಅದನ್ನು ಎಸೆಯಬೇಕೆಂದು ಮೂರು ಸಲ ಅಂಗಳದವರೆಗೆ ಹೋಗಿದ್ದೇನೆ, ಮೂರು ಸಲವೂ ವಾಪಸು ತಂದಿಟ್ಟಿದ್ದೇನೆ. ಎಸೆದರೆ ಯಾರಾದರೂ ಹೆಕ್ಕಿಕೊಂಡು ಹೋಗಿ ಅದರಲ್ಲಿ ನೀರು ಕುದಿಸಿಯಾರು ಎಂಬ ಹೆದರಿಕೆ. ಪಾಪ, ಪಾತ್ರೆ ಏನು ಮಾಡೀತು?

ನಾನು ಅಂಗನವಾಡಿ ಟೀಚರ್ ಆಗಿದ್ದವಳು. ತೆಕ್ಕಟ್ಟೆ ದಾಟಿ ಕುಂದಾಪುರದ ಕಡೆಗೆ ಹೋಗುವಾಗ ಹೈವೇಯಿಂದ ಕೆಳಕ್ಕೆ ಇಳಿದರೆ ಗದ್ದೆ, ಗದ್ದೆಯಾಚೆ ನಮ್ಮ ಮನೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಅಂಗನವಾಡಿ. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಎಂದು ವಾರ್ಡಿಗೆಲ್ಲ ಗೊತ್ತು. ಆ ಜೋರು ಬಾಯಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಎರಡೇ ಮಾತು. ನೀರು ಕುದಿಸಿ ಕುಡಿಯಿರಿ. ಮಗುವಿಗೆ ಎದೆಹಾಲು ಕೊಡಿ. ಮೊದಲನೆಯದನ್ನು ಮಕ್ಕಳಿಂದ ಹಾಡಿನ ಹಾಗೆ ಹೇಳಿಸುತ್ತಿದ್ದೆ. ಎರಡನೆಯದನ್ನು ಮನೆಮನೆಗೆ ಹೋಗಿ, ಬಾಣಂತಿಯ ಮಂಚದ ಪಕ್ಕ ಕೂತು, ಅತ್ತೆಯಂದಿರ ಜೊತೆ ಜಗಳ ಮಾಡಿಯಾದರೂ ಹೇಳಿಬರುತ್ತಿದ್ದೆ.

ನನ್ನ ಗಂಡ ಪಂಚಾಯತಿನ ಪಂಪು ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ಬಾವಿಯ ಪಂಪು ಹಾಕಿ, ಟ್ಯಾಂಕಿ ತುಂಬಿಸಿ, ಒಂದೊಂದು ಕೇರಿಗೆ ಒಂದೊಂದು ಹೊತ್ತು ವಾಲ್ವ್ ತಿರುಗಿಸುವ ಕೆಲಸ. ಐದು ನಿಮಿಷ ತಡವಾದರೆ ಹೆಂಗಸರು ಬೇಲಿಯಾಚೆಯಿಂದ ಕೂಗುತ್ತಿದ್ದರು: "ಹ್ವಾಯ್, ಇವತ್ ನೀರ್ ಬಿಡುದಿಲ್ಯಾ? ನಿದ್ರಿ ಬಂತಾ ಹ್ಯಾಂಗೆ?" ಅವರು ಸೈಕಲ್ ನಿಲ್ಲಿಸದೆಯೇ ಹೇಳುತ್ತಿದ್ದರು: "ಬಿಡ್ತೆ ಮಾರಾಯ್ತಿ, ಪಂಪಿಗೂ ಒಂಚೂರ್ ಉಸ್ರ್ ಬಿಡುಕ್ ಬೇಕಲ್ದಾ!" ಅವರು ಬಿಟ್ಟ ನೀರನ್ನು ನಾನು ಕುದಿಸುತ್ತಿದ್ದೆ. ನಮಗೆ ಒಬ್ಬಳೇ ಮಗಳು.

ಆ ಬಾವಿಯ ಬಗ್ಗೆ ನಮಗೆ ಸ್ವಲ್ಪ ಜಂಬವೇ ಇತ್ತು. ಬೀಜಾಡಿ ಕಡೆಯಲ್ಲಿ, ಸಮುದ್ರದ ಹತ್ತಿರದ ಕೇರಿಗಳಲ್ಲಿ, ಬೇಸಿಗೆ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ. ನಮ್ಮದು ಯಾವ ಬೇಸಿಗೆಗೂ ಉಪ್ಪಾಗಿದ್ದಿಲ್ಲ, ತಳ ಕಂಡದ್ದಿಲ್ಲ. ಕಾರಣ, ಬಾವಿಯ ಪಕ್ಕದಲ್ಲೇ ಮದಗ ಇದೆ. ಮಳೆನೀರು ಗದ್ದೆಗಳಿಂದಿಳಿದು ಆ ಕೆರೆಯಲ್ಲಿ ನಿಂತು, ನೆಲದೊಳಗೆ ಜಿನುಗಿ ಬಾವಿಗೆ ಬರುತ್ತದೆ. ವರ್ಷಕ್ಕೊಮ್ಮೆ ನನ್ನ ಗಂಡ ಆಳುಗಳನ್ನು ಇಳಿಸಿ ಕೆಸರು ತೆಗೆಸಿ, ಸುಣ್ಣ ಹಾಕಿಸಿ, ನೀರು ಸಿಹಿಯಾಗಲಿ ಎಂದು ತಳಕ್ಕೆ ನೆಲ್ಲಿಮರದ ತುಂಡು ಇಳಿಸುತ್ತಿದ್ದರು. ದೇವರ ಕೋಣೆ ಗುಡಿಸುವಾಗಲೂ ಅವರಿಗೆ ಅಷ್ಟು ಶ್ರದ್ಧೆ ಇರಲಿಲ್ಲ.

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ತೊಂಬತ್ತೇಳು ಇರಬೇಕು, ಮಳೆ ನಿಂತು ಗದ್ದೆಯಲ್ಲಿ ಭತ್ತ ಹಳದಿಗೆ ತಿರುಗಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಹೈವೇಯ ತಿರುವಿನಲ್ಲಿ ಪೆಟ್ರೋಲ್ ಟ್ಯಾಂಕರ್ ಮಗುಚಿ ಬಿತ್ತು. ಡ್ರೈವರ್ ಹಾರಿ ಬದುಕಿಕೊಂಡ. ಪೆಟ್ರೋಲು ಹರಿದು ಗದ್ದೆಯಂಚಿಗೆ ಬಂತು, ಎಲ್ಲಿಂದಲೋ ಕಿಡಿ ತಾಗಿ ಹೊತ್ತಿಕೊಂಡಿತು. ನಾನು ಅಂಗನವಾಡಿಯ ಮಕ್ಕಳನ್ನು ಕಂಕುಳಲ್ಲಿ ಇಬ್ಬರು, ಕೈಯಲ್ಲಿ ನಾಲ್ವರು ಎನ್ನುವ ಹಾಗೆ ಎಳೆದುಕೊಂಡು ದೂರದ ಶಾಲೆಯವರೆಗೆ ಓಡಿದೆ. ತಿರುಗಿ ನೋಡಿದರೆ ಕಪ್ಪು ಹೊಗೆ. ನಮ್ಮ ಕೆಳಗಿನ ಮನೆ, ಆ ಗದ್ದೆಯವರ ಮನೆ, ನಾವು ಕೆಳಮನೆ ಎನ್ನುತ್ತೇವೆ, ಅದರ ಕೊಟ್ಟಿಗೆಯ ಹುಲ್ಲುಮಾಡಿಗೆ ಬೆಂಕಿ ಇನ್ನೇನು ತಾಗಬೇಕು.

ಬೆಂಕಿ ನಂದಿಸುವ ಗಾಡಿಗಳು ಬಂದವು. ಮೊದಲ ಗಾಡಿಯ ನೀರಿಗೆ ಬೆಂಕಿ ಜಗ್ಗಲಿಲ್ಲ. ಮತ್ತೊಂದು ದೊಡ್ಡ ಗಾಡಿ ಬಂದು ನೊರೆ ಹೊಡೆಯಿತು. ಬಿಳಿ ನೊರೆ, ದಪ್ಪ ಕಂಬಳಿ ಹೊದಿಸಿದ ಹಾಗೆ, ಟ್ಯಾಂಕರಿನ ಮೇಲೆ, ರಸ್ತೆಯ ಮೇಲೆ, ಗದ್ದೆಯ ಮೇಲೆ. ಬೆಂಕಿ ಸತ್ತಿತು. ಆ ನೊರೆ ಬಾರದಿದ್ದರೆ ಕೆಳಮನೆ ಇರುತ್ತಿರಲಿಲ್ಲ, ಅಂಗನವಾಡಿ ಇರುತ್ತಿರಲಿಲ್ಲ, ನಮ್ಮ ಮನೆಯೂ ಸಂಶಯ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನನ್ನ ನಾಲಗೆಗೆ ಹುಳ ಬೀಳಲಿ.

ಮಧ್ಯಾಹ್ನದ ಹೊತ್ತಿಗೆ ಅದೊಂದು ಹಬ್ಬವೇ ಆಯಿತು. ಮಕ್ಕಳು ಸೊಂಟದವರೆಗೆ ನೊರೆಯಲ್ಲಿ ಇಳಿದರು. ನನ್ನ ಮಗಳು ತಲೆಗೆಲ್ಲ ನೊರೆ ಮೆತ್ತಿಕೊಂಡು, "ಅಮ್ಮ ಕಾಣ್, ನಾನ್ ಅಜ್ಜಿ!" ಎಂದು ಸೊಂಟ ಬಗ್ಗಿಸಿ ನಡೆದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಗಸರೆಲ್ಲ ಬಕೆಟು, ಕೊಡಪಾನ ತಂದು ತುಂಬಿಕೊಂಡರು. "ಒಂದ್ ತಿಂಗ್ಳಿಗ್ ಸೋಪಿನ್ ಪುಡಿ ತಕಂಬುದೇ ಬ್ಯಾಡ" ಎಂದು ಒಬ್ಬಳು. ನಾನೇನು ಕಡಿಮೆ? ಎರಡು ಬಕೆಟು ಹೊತ್ತು ತಂದು ಅಂಗನವಾಡಿಯ ಬೇಳೆ ಬೇಯಿಸುವ ಪಾತ್ರೆ, ಮಕ್ಕಳ ಲೋಟ, ಚಾಪೆ ಎಲ್ಲ ತಿಕ್ಕಿ ತೊಳೆದೆ. ಲೋಟಗಳು ಥಳಥಳ ಎನ್ನುತ್ತಿದ್ದವು.

ಅತ್ತವರು ಕೆಳಮನೆಯ ಅಜ್ಜ ಒಬ್ಬರೇ. ಇನ್ನು ನಾಲ್ಕು ದಿನಕ್ಕೆ ಕೊಯ್ಯಬೇಕಾದ ಭತ್ತ ನೊರೆನೀರಲ್ಲಿ ಮಲಗಿತ್ತು. ಗದ್ದೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, "ವರ್ಷದ್ ಊಟ ಮಾರಾಯಾ, ಎಂತ ಮಾಡುದ್ ಈಗ?" ಎಂದು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡನಿಗೆ ಯಾರ ಕಣ್ಣಲ್ಲೂ ನೀರು ನೋಡಲು ಆಗುತ್ತಿರಲಿಲ್ಲ. "ಮರ್ಕಬ್ಯಾಡಿ. ಅಂಚ್ ಕಡ್ದ್ ಮದಗಕ್ ಬಿಡುವ. ಸಂಜಿಯೊಳ್ಗ್ ಗದ್ದಿ ಖಾಲಿ ಆತ್" ಎಂದರು. ಅಜ್ಜನ ಮಗ, ಆಗ ಇಪ್ಪತ್ತೈದರ ಆಸುಪಾಸಿನವನು, ಗಲ್ಫಿನ ವೀಸಾ ಕಾಯುತ್ತಾ ಕೂತಿದ್ದವನು, ಹಾರೆ ತಂದ. ಇಬ್ಬರೂ ಸೇರಿ ಅಂಚು, ಅಂದರೆ ಗದ್ದೆಯ ಬದು, ಕಡಿದರು. ಗದ್ದೆಯ ನೊರೆನೀರೆಲ್ಲ ತೋಡಿಗಿಳಿದು ಮದಗಕ್ಕೆ ಹೋಯಿತು. ಭತ್ತ ಉಳಿಯಿತು. ಆ ವರ್ಷ ಹೊಸ ಅಕ್ಕಿಯ ಮೊದಲ ಸೇರು ಅಜ್ಜ ನಮ್ಮ ಮನೆಗೇ ತಂದುಕೊಟ್ಟರು.

ಮದಗದಲ್ಲಿ ನಾಲ್ಕೈದು ದಿನ ಬಿಳಿ ತೇಲುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾವೆಲ್ಲ ಹೆದರಿದ್ದು ಪೆಟ್ರೋಲಿಗೆ. ಬಾವಿಯ ನೀರು ಎತ್ತಿ ಮೂಸಿದರೆ ವಾಸನೆ ಬರುತ್ತಿತ್ತು. ಗಂಡ ಅನ್ನನೀರು ಬಿಟ್ಟವರ ಹಾಗೆ ದಿನವಿಡೀ ಪಂಪು ಹಾಕಿ ಬಾವಿ ಖಾಲಿ ಮಾಡಿದರು, ತುಂಬಿದ ಮೇಲೆ ಮತ್ತೆ ಖಾಲಿ ಮಾಡಿದರು, ಸುಣ್ಣ ಹಾಕಿದರು, ಬ್ಲೀಚಿಂಗ್ ಪೌಡರ್ ಹಾಕಿದರು. ಒಂದು ತಿಂಗಳಿಗೆ ವಾಸನೆ ಹೋಯಿತು. ಊರವರೆಲ್ಲ ಮೂಸಿ ನೋಡಿ, ಬಾಯಿ ಮುಕ್ಕಳಿಸಿ ನೋಡಿ, "ಈಗ ಅಡ್ಡಿಲ್ಲ" ಎಂದರು. ನಾನು ಮಾತ್ರ ಅಂಗನವಾಡಿಯಲ್ಲಿ, ಯಾವುದಕ್ಕೂ ಇರಲಿ ಎಂದು, ಮೊದಲಿಗಿಂತ ಹೆಚ್ಚು ಹೊತ್ತು ಕುದಿಸತೊಡಗಿದೆ.

ಆಮೇಲೆ ಹತ್ತು ವರ್ಷ ಹೇಗೆ ಹೋಯಿತೆಂದರೆ, ಹೇಳಲು ಏನೂ ಇಲ್ಲ. ಅದೇ ನೀರು, ಅದೇ ಗಂಜಿ, ಅದೇ ಜಗಳ. ಕೆಳಮನೆಯ ಮಗ ಗಲ್ಫಿಗೆ ಹೋಗಿ ಅಲ್ಲಿ ವಿಮಾನ ನಿಲ್ದಾಣದ ಬೆಂಕಿ ನಂದಿಸುವ ದಳಕ್ಕೆ ಸೇರಿದ. ಆ ದಿನ ನೋಡಿದ ನೊರೆಯೇ ತನಗೆ ಕೆಲಸ ಕೊಡಿಸಿತು ಎಂದು ರಜೆಗೆ ಬಂದಾಗೆಲ್ಲ ಹೇಳಿ ನಗುತ್ತಿದ್ದ.

ಮಗಳು ಪಿಯುಸಿ ಓದುವಾಗ ನನ್ನ ಗಂಡನಿಗೆ ಮೂತ್ರದಲ್ಲಿ ರಕ್ತ ಕಂಡಿತು. ನನಗೆ ಹೇಳದೆ ಎಷ್ಟು ದಿನ ಮುಚ್ಚಿಟ್ಟಿದ್ದರೋ. ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಕಿಡ್ನಿಯಲ್ಲಿ ಗಡ್ಡೆ ಎಂದರು, ಒಂದು ಕಿಡ್ನಿ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು, "ಶುದ್ಧ ನೀರು ಚೆನ್ನಾಗಿ ಕುಡಿಸಿ." ಅಷ್ಟೇ. ಅದನ್ನು ಕೇಳಿ ನನಗೆ ಖುಷಿಯಾಯಿತು, ದೇವರಾಣೆ. ನೀರಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವಲ್ಲ!

ನಮ್ಮ ಕಡೆ ಕಷಾಯವೆಂದರೆ ಇಳಿಸುವುದು ಮುಖ್ಯ. ನಾಲ್ಕು ಪಾಲು ನೀರು ಹಾಕಿದರೆ ಕುದಿದು ಕುದಿದು ಎರಡಕ್ಕೋ ಒಂದಕ್ಕೋ ಇಳಿಯಬೇಕು, ಆಗಲೇ ಅದಕ್ಕೆ ಗುಣ. ಸಾಲಿಗ್ರಾಮದಲ್ಲಿ ನನ್ನ ದೊಡ್ಡಪ್ಪ ನಾರುಬೇರಿನ ಔಷಧಿ ಕೊಡುತ್ತಿದ್ದರು. ಅವರ ಹತ್ತಿರ ಹೋಗಿ ಕೇಳಿದೆ. "ಬರೀ ನೀರನ್ನೇ ಅರ್ಧಕ್ ಇಳ್ಸಿ ಕೊಡ್ ಮಗಾ, ಕಿಡ್ನಿಗ್ ಹಗೂರ" ಎಂದರು. ಅವರು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಮನೆಗೆ ಬಂದವಳೇ ದಪ್ಪ ತಳದ ಪಾತ್ರೆ ತೆಗೆದೆ, ಕಣ್ಣಂದಾಜು ತಪ್ಪಬಾರದೆಂದು ಮೊಳೆಯಿಂದ ಅರ್ಧಕ್ಕೆ ಗೆರೆ ಗೀರಿದೆ.

ಅಲ್ಲಿಂದ ದಿನಾ ಬೆಳಿಗ್ಗೆ ಬಚ್ಚಲೊಲೆಯ ಮೇಲೆ ಆ ಪಾತ್ರೆ. ತುಂಬ ಹಾಕುವುದು, ಗೆರೆಗೆ ಇಳಿಯುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟು ಕಾಯುವುದು. ಒಂದು ಬೆರಳು ಮೇಲಿದ್ದರೂ ಇಳಿಸುತ್ತಿರಲಿಲ್ಲ. ಗಂಡ ಜಗಲಿಯಲ್ಲಿ ಕೂತು ಕೀಟಲೆ ಮಾಡುವರು: "ನಾನ್ ಟ್ಯಾಂಕಿ ತುಂಬ್ಸುದ್, ನೀ ಕಾಯ್ಸಿ ಹಾರ್ಸುದ್. ಹೀಂಗಾರೆ ಊರಿಗ್ ನೀರ್ ಸಾಕಾತ್ತಾ?" "ಬಾಯ್ ಮುಚ್ಕಂಡ್ ಕುಡೀನಿ" ಎಂದು ಲೋಟ ಕೈಗೆ ತುರುಕುತ್ತಿದ್ದೆ. ಅವರೊಬ್ಬರಿಗೇ ಬೇರೆ ಮಾಡುವುದೇಕೆಂದು ನಾನೂ ಮಗಳೂ ಅದನ್ನೇ ಕುಡಿದೆವು. ಕಾಲೇಜಿಗೆ ಹೋಗುವ ಅವಳ ಬಾಟಲಿಗೂ ಅದೇ. ಬೇರೆಲ್ಲೂ ನೀರು ಕುಡಿಯಬೇಡ ಎಂದು ಗದರಿಸುತ್ತಿದ್ದೆ. ಕುಡಿಯುತ್ತಲೂ ಇರಲಿಲ್ಲ, ಹೇಳಿದ ಮಾತು ಮೀರುವ ಹುಡುಗಿಯಲ್ಲ.

ಮೂರು ವರ್ಷ ಹಾಗೆ ಕುಡಿಸಿದೆ. ಉಳಿದ ಕಿಡ್ನಿಗೂ ಹಬ್ಬಿತು. ಕೊನೆಗೆ ನೀರನ್ನೇ ಅಳೆದು ಕೊಡಿ, ದಿನಕ್ಕೆ ಇಷ್ಟೇ ಲೋಟ ಎಂದರು ಡಾಕ್ಟರು. ಊರಿಗೆಲ್ಲ ನೀರು ಬಿಟ್ಟ ಮನುಷ್ಯ ಒಂದು ಗುಟುಕು ಹೆಚ್ಚಿಗೆ ಕೊಡೇ ಎಂದು ನನ್ನ ಕೈ ಹಿಡಿದುಕೊಂಡರು. ನಾನು ಕೊಡಲಿಲ್ಲ. ಮಗಳ ಡಿಗ್ರಿ ಕೊನೆಯ ವರ್ಷದ ಪರೀಕ್ಷೆಗೆ ಹದಿನೈದು ದಿನವಿರುವಾಗ ತೀರಿಕೊಂಡರು.

ಮಗಳಿಗೆ ಬೈಂದೂರಿನ ಒಂದು ಶಾಲೆಯಲ್ಲಿ ಕೆಲಸವಾಯಿತು, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮೂರು ವರ್ಷ ಬಿಟ್ಟು ಬ್ರಹ್ಮಾವರದ ಹತ್ತಿರದ ಅಕ್ಕಿ ವ್ಯಾಪಾರದ ಮನೆಗೆ ಮದುವೆ ಮಾಡಿಕೊಟ್ಟೆ. ಮರುವರ್ಷದ ಬೇಸಿಗೆಗೆ ಬಸುರಿ ಎಂದು ಸುದ್ದಿ ಬಂತು. ನಾನು ಬಾಣಂತನಕ್ಕೆ ಬೇಕಾದ ಹಳೇ ಸೀರೆ ಒಗೆದು ಮಡಚಿಡುತ್ತಿದ್ದ ದಿನವೇ ಕೆಳಮನೆಯ ಮಗ ನಮ್ಮ ಮನೆಗೆ ಬಂದದ್ದು. ಅವನಿಗೂ ತಲೆ ಬೆಳ್ಳಗಾಗಿತ್ತು.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅದನ್ನು ಮುಟ್ಟದೆ ಎದ್ದರೆ ಮನೆಯವರಿಗೆ ಅವಮಾನ. ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿದ, ಹಾಗೇ ಕೆಳಗಿಟ್ಟ. ನನಗೆ ಪಿತ್ತ ನೆತ್ತಿಗೇರಿತು. "ಎಂತದಾ, ಅಲ್ಲಿನ್ ನೀರ್ ಕುಡ್ದ್ ಮೇಲ್ ನಮ್ಮನಿ ನೀರ್ ಗಂಟಲಗ್ ಇಳಿತಿಲ್ಯಾ?" ಎಂದೆ.

"ಅಕ್ಕಾ, ಬೇಜಾರ್ ಮಾಡ್ಕಣ್ಬ್ಯಾಡಿ" ಎಂದ. ತಲೆ ತಗ್ಗಿಸಿಕೊಂಡೇ ಹೇಳಿದ. "ಆ ದಿನ ಇಲ್ಲ್ ಹೊಡ್ದ್ರಲ್ದಾ, ನೊರೆ. ನಾನ್ ಅಲ್ಲ್ ಇಷ್ಟ್ ವರ್ಷ ಹೊಡ್ದದ್ದೂ ಅದೇ ನಮೂನೆದ್. ಈಗ ಅದನ್ನ ಬಂದ್ ಮಾಡಿರ್. ಅದ್ರಗೊಂದ್ ವಿಷ ಇತ್ತಂಬ್ರ್. ಕೊಳಿತಿಲ್ಲೆ, ಕರ್ಗಿ ಹೋತಿಲ್ಲೆ, ಬಿಸ್ಲಿಗೂ ಸಾಯ್ತಿಲ್ಲೆ. ನೆಲಕ್ ಬಿದ್ರೆ ನೀರಿಗ್ ಹೋತ್, ನೀರಿಂದ ಮೈಗ್ ಹೋತ್. ಮೈಯಗೆ ವರ್ಷಗಟ್ಲೆ ಕೂಕಂತ್. ನಮ್ಮ ಹಳಬ್ರ್ ರಕ್ತ ತೆಗ್ದ್ ಕಂಡ್ರ್, ನನ್ನದ್ರಗೂ ಇತ್ತ್. ನಾವ್ ನೊರೆ ಹೊಡ್ದ್ ಅಭ್ಯಾಸ ಮಾಡು ಜಾಗದ್ ಬಾವಿಗ್ ಬೀಗ ಹಾಕಿರ್. ಅದ್ ಕಂಡಲ್ಲಿಂದ ನಂಗ್ ನಮ್ಮ ಮದಗದ್ದೇ ನೆನ್ಪ್, ಅಕ್ಕಾ. ನಿಮ್ಮ ಬಾವಿಯಗ್ ಇತ್ತ್ ಅಂದ್ ನಾನ್ ಹೇಳುದಿಲ್ಲ. ಯಾರೂ ಕಾಣ್ಲಿಲ್ಲ. ಆರೆ ನಂಗ್ ಕುಡುಕ್ ಧೈರ್ಯ ಬತ್ತಿಲ್ಲೆ."

"ನಾ ಕುದ್ಸ್ತೆ ಮಾರಾಯಾ" ಎಂದೆ. "ದಿನಾ ಕುದ್ಸ್ತೆ, ಅರ್ಧಕ್ ಇಳ್ಸ್ತೆ."

ಅವನು ನನ್ನನ್ನು ನೋಡಿದ. ಹೇಳಲೋ ಬೇಡವೋ ಎಂದು ಅವನಿಗೆ ಆದದ್ದು ನನಗೆ ಕಂಡಿತು. "ಕುದ್ಸಿರೆ ನೀರ್ ಹಾರ್ತ್ ಅಕ್ಕಾ, ಅದ್ ಹಾರುದಿಲ್ಲ. ಉಪ್ಪಿನ್ ಹಾಂಗೆ, ಅಡಿಯಗೇ ಉಳಿತ್."

ಸಮುದ್ರದ ಬದಿಯವಳಿಗೆ ಉಪ್ಪಿನ ವಿಷಯ ಬಿಡಿಸಿ ಹೇಳಬೇಕೇ? ಉಪ್ಪುನೀರನ್ನು ಅರ್ಧಕ್ಕೆ ಇಳಿಸಿದರೆ ಉಪ್ಪು ಎರಡರಷ್ಟಾಗುತ್ತದೆ. ಅಂಗನವಾಡಿ ಮಗುವಿಗೂ ಗೊತ್ತಾಗುವ ಲೆಕ್ಕ. ಬಚ್ಚಲಿಗೆ ಹೋಗಿ ನೋಡಿದೆ. ಒಲೆಯ ಮೇಲೆ ನೀರು ಕುದಿದು ಸರಿಯಾಗಿ ಗೆರೆಗೆ ಬಂದಿತ್ತು. ಅಭ್ಯಾಸ ನೋಡಿ, ಕೈ ತಾನಾಗಿಯೇ ಇಳಿಸಲು ಹೋಯಿತು.

ಅದಾದ ಮೇಲೆ ನಾನು ಮನುಷ್ಯಳಾಗಿರಲಿಲ್ಲ. ನಾನೇ ಕುಡಿಸಿ ಕೊಂದೆನಾ, ಇದೊಂದೇ ತಲೆಯೊಳಗೆ. ಗಂಡನ ಗಡ್ಡೆಗೆ ಇದೇ ಕಾರಣವೆಂದು ಯಾರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. ಸತ್ತವರ ಹತ್ತಿರ ಕ್ಷಮೆ ಕೇಳೋಣವೆಂದರೂ ಯಾವ ತಪ್ಪಿಗೆ ಎಂದು ಕೇಳುವುದು? ಆದರೆ ಅಳುತ್ತ ಕೂರಲು ಸಮಯವಿರಲಿಲ್ಲ. ಮಗಳ ಬಸುರಿಗೆ ನಾಲ್ಕು ತಿಂಗಳು ತುಂಬಿತ್ತು, ಇನ್ನು ಮೂರು ತಿಂಗಳಿಗೆ ಬಾಣಂತನಕ್ಕೆಂದು ನನ್ನ ಮನೆಗೆ, ಈ ನೀರಿಗೆ ಬರುವವಳು. ಸತ್ತವರು ಇರಲಿ, ಬರುವ ಮಗುವನ್ನಾದರೂ ಇದರಿಂದ ತಪ್ಪಿಸಬೇಕು.

ಬಾಟಲಿಯಲ್ಲಿ ನೀರು ಹಿಡಿದು ಕುಂದಾಪುರಕ್ಕೆ ಬಸ್ಸು ಹತ್ತಿದೆ. ನೀರು ಪರೀಕ್ಷೆ ಮಾಡುವಲ್ಲಿ ಕೊಟ್ಟೆ. ಒಂದು ವಾರ ಬಿಟ್ಟು ಕಾಗದ ಕೊಟ್ಟರು. ಉಪ್ಪಿನ ಅಂಶ ಸರಿ, ರೋಗಾಣು ಇಲ್ಲ, ಕುಡಿಯಲು ಯೋಗ್ಯ, ಕೆಳಗೆ ಮೊಹರು. ಅಲ್ಲಿದ್ದ ಹುಡುಗಿಗೆ ನೊರೆಯ ಕತೆ ಹೇಳಿದೆ. ಪಾಪ, ಕೂತು ಪೂರ್ತಿ ಕೇಳಿದಳು. "ಅಂಥದ್ದು ನಮ್ಮ ಪಟ್ಟಿಯಲ್ಲೇ ಇಲ್ಲ ಅಮ್ಮ. ಅದನ್ನು ನೋಡುವ ಮಿಷನ್ನು ಈ ಕಡೆ ಎಲ್ಲೂ ಇಲ್ಲ" ಎಂದಳು. ಮೊಹರು ಬಿದ್ದ ಕಾಗದ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಬಸ್ಸು ಬಿಟ್ಟೆನೋ ಗೊತ್ತಿಲ್ಲ.

ಗ್ರಾಮಸಭೆಯಲ್ಲಿ ಎದ್ದು ನಿಂತೆ. ನಡು ಬೇಸಿಗೆ, ಊರಲ್ಲೆಲ್ಲ ನೀರಿಗೆ ಹಾಹಾಕಾರ. ನನ್ನ ಮಾತು ಮುಗಿಯುವ ಮೊದಲೇ ಗಲಾಟೆ ಎದ್ದಿತು. ಕಡಲ ಬದಿಯ ಹೆಂಗಸೊಬ್ಬಳು, "ನಾವಿಲ್ಲ್ ಉಪ್ಪ್ ನೀರ್ ಕುಡ್ದ್ ಸಾಯ್ತಾ ಇತ್ತ್. ನಿಮ್ಗ್ ಸಿಹಿ ನೀರ್ ಹೆಚ್ಚಾಯ್ತಾ? ಬ್ಯಾಡ್ದಿರೆ ನಮ್ಗ್ ಕೊಡಿ!" ಎಂದಳು. ಅವಳ ಸಿಟ್ಟು ನ್ಯಾಯದ್ದೇ. ನಾನು ಕಾಗದ ಎತ್ತಿ ಹಿಡಿದರೆ ಅದರಲ್ಲೇ ಯೋಗ್ಯ ಎಂದು ಬರೆದಿದೆಯಲ್ಲ ಎಂದು ನಕ್ಕರು. ಆಮೇಲೆ ಹಿಂದಿನ ಸಾಲಿನಿಂದ ಒಂದು ಗಂಡು ಸ್ವರ: "ಅಂಚ್ ಕಡ್ದ್ ಮದಗಕ್ ಬಿಟ್ಟದ್ದ್ ಯಾರ್ ಟೀಚರ್ರೇ? ನಿಮ್ಮ ಯಜಮಾನ್ರೇ ಅಲ್ದಾ?"

ಕಾಗದವನ್ನು ನಾಲ್ಕಾಗಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಕೂತುಬಿಟ್ಟೆ.

ಏಳನೇ ತಿಂಗಳಿಗೆ ಮಗಳನ್ನು ಕರೆತರಲು ನಾನು ಹೋಗಲಿಲ್ಲ. ಫೋನು ಮಾಡಿ, ಬಾಣಂತನ ಅಲ್ಲೇ ಆಗಲಿ ಎಂದು ಬೀಗಿತಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಇಂಥ ಮಾತು ಯಾರು ಸಹಿಸುತ್ತಾರೆ? "ಮೊದ್ಲ್ ಹೆರಿಗಿ ತಾಯಿಮನಿಯಗಲ್ದೆ ಮತ್ತೆಲ್ಲ್? ನಿಮ್ಗ್ ಕಷ್ಟ ಆರೆ ಹೇಳಿ, ನಾವ್ ಎಂತಾರೂ ಮಾಡ್ತ್" ಎಂದರು. ಕಷ್ಟ ಎಂದರೆ ಬಡತನ ಎಂದು ಅವರು ತಿಳಿದದ್ದು. ಮಗಳು ಫೋನು ಕಿತ್ತುಕೊಂಡು ಅತ್ತಳು. "ಎಲ್ಲರ್ ಅಮ್ಮನೂ ಕರ್ಕಂಡ್ ಹೋಪುಕ್ ಬತ್ರ್. ಅಪ್ಪಯ್ಯನೂ ಇಲ್ಲೆ. ನಂಗ್ ನೀನಲ್ದೆ ಯಾರ್ ಇದ್ರ್?" ನಾನು ನೀರಿನ ಕತೆಯೆಲ್ಲ ಹೇಳಿದೆ, ಪಾತ್ರೆಯ ಗೆರೆಗೆ ಇಳಿಸಿದರೆ ವಿಷ ಎರಡರಷ್ಟಾಗುತ್ತದೆ ಎಂಬುದೊಂದು ಬಿಟ್ಟು. ಅವಳು ಮೂಗು ಒರೆಸಿಕೊಂಡು, "ಹಾಂಗಾರೆ ಬೇರೆ ನೀರ್ ಮಾಡ್. ನಾ ಬತ್ತೆ" ಎಂದಳು.

ಬೇರೆ ನೀರು. ಆಗ ಮಳೆ ಹಿಡಿದಿತ್ತು. ನಮ್ಮ ಕಡೆ ಮಳೆಗೇನು ಬರ? ಗಂಡನ ನಾಲ್ಕು ಬಿಳಿ ಪಂಚೆ ಟ್ರಂಕಿನಲ್ಲಿ ಮಡಚಿಟ್ಟದ್ದು ಹಾಗೇ ಇತ್ತು. ಅಂಗಳದಲ್ಲಿ ನಾಲ್ಕು ಗೂಟ ಹುಗಿದು, ಪಂಚೆಯ ನಾಲ್ಕು ತುದಿ ಕಟ್ಟಿ, ನಡುವೆ ಒಂದು ಕಲ್ಲಿಟ್ಟು, ಕೆಳಗೆ ಕೊಡಪಾನ ಇಟ್ಟೆ. ಮಳೆ ಪಂಚೆಗೆ ಬಿದ್ದು ಸೋಸಿ ಧಾರೆಯಾಗಿ ಕೊಡಪಾನಕ್ಕೆ ಇಳಿಯಿತು. ಹಂಡೆ, ಕಡಾಯಿ, ಮದುವೆಗೆ ಕೊಂಡ ಡ್ರಮ್ಮು, ನೆರೆಮನೆಯಿಂದ ಕೇಳಿ ತಂದ ಪಾತ್ರೆ, ಎಲ್ಲ ತುಂಬಿಸಿ ಮುಚ್ಚಿಟ್ಟೆ. ನಡೆಯಲು ದಾರಿಯಿಲ್ಲದಷ್ಟು ಪಾತ್ರೆ ಮನೆಯೊಳಗೆ. ಹೋಗುವವರು ಬರುವವರು ಬೇಲಿಯಾಚೆ ನಿಂತು ನಗುತ್ತಿದ್ದರು: "ಹ್ವಾಯ್ ಟೀಚರ್ರೇ, ನಳ್ಳಿ ಮನಿಯೊಳ್ಗ್ ಇದ್ಕಂಡ್ ಆಕಾಶಕ್ ಕೈಯೊಡ್ಡುದ್ ಎಂತಕೆ?" ನಗಲಿ, ಹಾಳಾಗಿ ಹೋಗಲಿ. ನನಗೆ ಎಷ್ಟೋ ತಿಂಗಳ ನಂತರ ಸ್ವಲ್ಪ ಅನ್ನ ಸೇರಿತು. ಗಂಡನ ಪಂಚೆಯಿಂದ ಇಳಿದ ನೀರು, ಇದಾದರೂ ಮಗಳಿಗೆ ತಾಗದೆ ಇರಲಿ ಎಂದು ಕೈಮುಗಿದೆ.

ಮಗಳು ಬಂದಳು. ಕುಡಿಯಲು, ಗಂಜಿಗೆ, ಹಲ್ಲುಜ್ಜಲು ಕೂಡ ಮಳೆನೀರು. ನಳ್ಳಿಯ ಹತ್ತಿರ ಹೋಗಲು ಬಿಡಲಿಲ್ಲ. ಶ್ರಾವಣದಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ತೂಕ ಸ್ವಲ್ಪ ಕಡಿಮೆ, ಆದರೆ ಕಿರುಚಿದರೆ ಮಾಡು ಹಾರಬೇಕು, ನನ್ನ ಬಾಯಿಯೇ ಬಂದಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಬೆಳಿಗ್ಗೆ, ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸಿ ಮಗಳ ಪಕ್ಕ ಮಲಗಿಸಿದ್ದೆ. ನೆಮ್ಮದಿ ಅಂದರೆ ಇದೇ ಅನ್ನಿಸಿತು. ಗೆದ್ದೆ ಅಂದುಕೊಂಡೆ.

ಆಗ ಕೆಳಮನೆಯ ಮಗನ ಫೋನು ಬಂತು, ಗಲ್ಫಿನಿಂದ. ಮಗುವಿನ ಸುದ್ದಿ ಕೇಳಿ ಮಾಡಿದ್ದ. ಕೈಯೆಲ್ಲ ಎಣ್ಣೆ, ಹಾಗಾಗಿ ಸ್ಪೀಕರ್ ಹಾಕಿ ಮಂಚದ ಮೇಲೆ ಇಟ್ಟುಕೊ ಎಂದು ಮಗಳಿಗೆ ಹೇಳಿದೆ. ನಾನು ಮಳೆನೀರಿನ ಪ್ರತಾಪವೆಲ್ಲ ಕೊಚ್ಚಿಕೊಂಡೆ. ಅವನು ಖುಷಿಪಟ್ಟ. ನನ್ನ ನಾಲಗೆ ಸುಮ್ಮನಿರಬೇಕಲ್ಲ, ಕೇಳಿಬಿಟ್ಟೆ: "ಅಲ್ಲ ಮಾರಾಯಾ, ಒಂದ್ಸಲ ಮೈಯೊಳ್ಗ್ ಹೋದ್ದ್ ಮತ್ ಹೊರ್ಗ್ ಬಪ್ಪುದೇ ಇಲ್ಯಾ?"

"ನಮ್ಮಂಥ ಗಂಡಸ್ರಿಗ್ ಭಾರೀ ನಿಧಾನ ಅಕ್ಕಾ. ಹೆಂಗಸ್ರಿಗ್ ಬೇಗ ಕಮ್ಮಿ ಆತಂಬ್ರ್" ಎಂದ.

"ಅದ್ ಹ್ಯಾಂಗೆ?"

ಅವನಿಗೆ ಮಗಳು ಪಕ್ಕದಲ್ಲಿದ್ದಾಳೆಂದು ಗೊತ್ತಿರಲಿಲ್ಲ. "ಹೊಟ್ಟಿಯಗಿಪ್ಪು ಶಿಶುವಿಗ್ ಹೋತಂಬ್ರ್. ಮತ್ ಹಾಲಗೂ ಹೋತಂಬ್ರ್" ಎಂದ. ಹೇಳಿದ ಮೇಲೆ ಅವನಿಗೇ ಏನೋ ಹೊಳೆದಿರಬೇಕು, "ಅಕ್ಕಾ?" ಎಂದ, ಮತ್ತೆ "ಅಕ್ಕಾ?" ಎಂದ. ನಾನು ಫೋನು ಬಂದ್ ಮಾಡಿದೆ.

ಇಡೀ ಮನೆ ತುಂಬ ಮುಚ್ಚಿಟ್ಟ ಮಳೆನೀರು. ಆರು ವರ್ಷದವಳಿದ್ದಾಗಿನಿಂದ ಮದುವೆಯ ದಿನದವರೆಗೆ ನಾನು ನನ್ನ ಕೈಯಾರೆ, ಇಳಿಸಿ ಇಳಿಸಿ, ಗದರಿಸಿ ಕುಡಿಸಿದ್ದು ಅವಳ ಮೈಯೊಳಗಿತ್ತು. ಅಲ್ಲಿಂದ ಅದಕ್ಕೆ ಹೊರಗೆ ಬರಲು ಇದ್ದ ದಾರಿ ಆ ಒಂದು ಮಗು. ಯಾವ ಪಂಚೆ ಕಟ್ಟಿದರೆ ಅದು ಸೋಸುತ್ತದೆ?

 ಮಗಳು ತನ್ನ ಗಂಡನಿಂದ ಡಾಕ್ಟರಿಗೆ ಫೋನು ಮಾಡಿಸಿದಳು. ಡಾಕ್ಟರಮ್ಮ, ತಾಯಿ ಹಾಲಿಗಿಂತ ಒಳ್ಳೆಯದು ಯಾವುದೂ ಇಲ್ಲ, ಸುಮ್ಮನೆ ತಲೆಕೆಡಿಸಿಕೊಳ್ಳಬೇಡಿ, ಕೊಡಿ ಎಂದರಂತೆ. ಅವರು ಹೇಳಿದ್ದು ಸರಿಯೇ ಇರಬೇಕು. ನಾನೂ ಎಷ್ಟು ಬಾಣಂತಿಯರಿಗೆ ಅದನ್ನೇ ಹೇಳಿಲ್ಲ? ಅಷ್ಟರಲ್ಲಿ ಮಗು ಎದ್ದಿತು. ಹಸಿವಿಗೆ ಮುಷ್ಟಿ ಚೀಪಿತು, ಸಿಗದೆ ಕಿರುಚಿತು. ಮಗಳ ರವಿಕೆ ಎರಡೂ ಕಡೆ ಒದ್ದೆಯಾಯಿತು. ಅವಳು ಮಗುವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಎದೆಗೆ ಒತ್ತಿಕೊಳ್ಳಲಿಲ್ಲ. ಡಾಕ್ಟರ ಮಾತು ಅವಳಿಗೆ ಸಾಲಲಿಲ್ಲ. ನನ್ನ ಮುಖ ನೋಡಿದಳು.

"ಅಮ್ಮ, ಕೊಡ್ಲಾ ಬ್ಯಾಡ್ದಾ? ನೀ ಎಂತ ಹೇಳ್ತ್ಯೋ ಹಾಂಗೇ ಮಾಡ್ತೆ."

ಗೆರೆಗೆ ಇಳಿಸಿ ಕುಡಿಸಿದ್ದರಲ್ಲಿ ವಿಷ ಎರಡರಷ್ಟಾಗಿರುತ್ತಿತ್ತು ಎಂಬುದನ್ನು ಅವಳಿಗೆ ನಾನಿನ್ನೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ನನ್ನನ್ನು ಕೇಳುತ್ತಿದ್ದಳಾ? ಮಗು ಉಸಿರು ಕಟ್ಟಿ ಅಳುತ್ತಿತ್ತು, ತುಟಿ ನೀಲಿಯಾಗುತ್ತಿತ್ತು.  "ಕೊಡ್ ಮಗಾ" ಎಂದೆ.

ಚಿಕ್ಕವಳಿದ್ದಾಗ ಆಟದಿಂದ ಓಡಿ ಬಂದವಳಿಗೆ ನಾನು ಲೋಟ ಚಾಚಿ, ಕುಡಿ, ಕುದಿಸಿದ್ದು ಎಂದರೆ, ಒಳಗೆ ಏನಿದೆ ಎಂದು ನೋಡದೆ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಈಗಲೂ ಅಷ್ಟೇ. ಇನ್ನೊಂದು ಮಾತು ಕೇಳದೆ ಮಗುವನ್ನು ಎದೆಗೆ ಹಿಡಿದಳು.